ಮಳೆ ನಿಂತ ಮೇಲೆ ಕೇಳಿಸಿದ ಸದ್ದು: ಒಂದು ಕಿವಿಮೊರೆತದ ಪ್ರಕರಣ

ಹೊರಗೆ ಸದ್ದಿಲ್ಲದಿದ್ದರೂ ಕಿವಿಯೊಳಗೆ ಕುಂಯ್ ಅನ್ನುತ್ತಲೇ ಇರುವುದಕ್ಕೆ ಕಿವಿಮೊರೆತ ಅನ್ನುತ್ತಾರೆ. ಇದು ಅದು ಹಿಡಿದ ನನ್ನ ಭಾವನ ಕಥೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇಡ ಅಂದಿದ್ದಾರೆ. ವಯಸ್ಸು 54. ಕೊಡಗಿನ ಚೇರಂಬಾಣೆ ಕಡೆ ರೋಬಸ್ಟಾ ಕಾಫಿ ತೋಟ, ಮಧ್ಯೆ ಮಧ್ಯೆ ಕರಿಮೆಣಸು. ನಾನು ಅಕ್ಕನ ತಮ್ಮ, ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರು. ವೈದ್ಯನಲ್ಲ. ಎಂಟು ತಿಂಗಳು ಅವರ ಜೊತೆ ಓಡಾಡಿದ್ದೇನೆ. ತೋಟದ ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅವರು ದಿನಾ ಬರೆದಿಟ್ಟ ಲೆಕ್ಕವೂ ನನ್ನ ಎದುರಿಗಿದೆ.

ಜನವರಿಯ ಒಂದು ರಾತ್ರಿ ಊಟಕ್ಕೆ ಕೂತಾಗ ಭಾವ ತಟ್ಟೆ ನೋಡುತ್ತಲೇ ಹೇಳಿದರು: "ಮದುವೆ ದಿನ ನಾನು ಹಾಲ್‌ಗೆ ಬರೋದಿಲ್ಲ. ನೀವೆಲ್ಲ ಸೇರಿ ಮಾಡಿ. ನಾನು ಮನೆಯಲ್ಲಿ ಇರ್ತೇನೆ."

ಮದುವೆ ಅವರ ದೊಡ್ಡ ಮಗಳದ್ದು. ಮೇ ತಿಂಗಳಿಗೆ ಮಡಿಕೇರಿಯಲ್ಲಿ ಹಾಲ್ ಬುಕ್ ಆಗಿತ್ತು. ಅಕ್ಕ ಬಡಿಸುತ್ತಿದ್ದ ಸೌಟನ್ನು ಅಲ್ಲೇ ಇಟ್ಟು ಒಳಗೆ ಹೋದಳು.

ಶುರುವಾದದ್ದು

ಹಿಂದಿನ ಸೆಪ್ಟೆಂಬರ್ 3, ಕೈಲ್ ಮುಹೂರ್ತ. ಗದ್ದೆ ಕೆಲಸ ಮುಗಿದ ಮೇಲೆ ಆಯುಧಕ್ಕೆ ಪೂಜೆ ಮಾಡಿ, ಕೋವಿಗೆ ಹೂ ಸಿಕ್ಕಿಸುವ ಹಬ್ಬ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನು ಇರುವವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಹಾಗಾಗಿ ಮನೆಯಲ್ಲಿ ಕೋವಿ ಇರುವುದು ನಮ್ಮಲ್ಲಿ ದೊಡ್ಡ ಸಂಗತಿಯೇ ಅಲ್ಲ. ಪೂಜೆ ಆದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಭಾವ ಹದಿನೆಂಟರ ವಯಸ್ಸಿನಿಂದ ಹೊಡೆಯುತ್ತಿದ್ದಾರೆ. ಕಿವಿಗೆ ಏನೂ ಹಾಕುವುದಿಲ್ಲ. ಯಾರೂ ಹಾಕುವುದಿಲ್ಲ.

ಕೋವಿಯ ಸದ್ದು 140 ಡೆಸಿಬಲ್ ದಾಟುತ್ತದೆ. ಬಲಗೈಯವರು ಕೋವಿಯನ್ನು ಬಲಭುಜಕ್ಕೆ ಒತ್ತಿ, ಕೆನ್ನೆ ಆನಿಸಿ ಗುರಿ ಹಿಡಿದಾಗ ತಲೆ ತಿರುಗುವ ಕೋನ ನೋಡಿ. ಎಡಗಿವಿ ನಳಿಗೆಯ ಬಾಯಿಯ ಕಡೆಗೆ ಬರುತ್ತದೆ, ಬಲಗಿವಿ ತಲೆಯ ಮರೆಯಲ್ಲಿ ಇರುತ್ತದೆ. ಅದಕ್ಕೇ ಬೇಟೆಯವರಿಗೂ ಸಿಪಾಯಿಗಳಿಗೂ ಎಡಗಿವಿ ಜಾಸ್ತಿ ಕೆಡುವುದು. ಭಾವನಿಗೆ ಕುಂಯ್ ಅಂತ ಶುರುವಾದದ್ದೂ ಎಡಗಿವಿಯಲ್ಲೇ.

ಹಿಂದೆಲ್ಲ ಹಬ್ಬದ ಮಾರನೇ ದಿನ ತಾನಾಗಿ ನಿಲ್ಲುತ್ತಿತ್ತು. ಈ ಸಲ ನಿಲ್ಲಲಿಲ್ಲ. ಆದರೂ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಸೆಪ್ಟೆಂಬರ್ ಅಂದರೆ ನಮ್ಮಲ್ಲಿ ಇನ್ನೂ ಮಳೆ. ಶೀಟಿನ ಮಾಡಿನ ಮೇಲೆ ರಾತ್ರಿ ಇಡೀ ಸುರಿಯುವಾಗ ಕಿವಿಯೊಳಗಿನ ಸದ್ದು ಯಾರಿಗೆ ಕೇಳಬೇಕು?

ಅಕ್ಟೋಬರಿನಲ್ಲಿ ಮಡಿಕೇರಿ ದಸರಾ. ವಿಜಯದಶಮಿ ರಾತ್ರಿ ದಶಮಂಟಪ ಮೆರವಣಿಗೆ ನೋಡಲು ಹೋದರು. ಹತ್ತು ಮಂಟಪ, ಒಂದೊಂದರ ಹಿಂದೆ ಒಂದೊಂದು ಗುಡ್ಡದಷ್ಟು ಸ್ಪೀಕರ್. ಎದೆಯೇ ಅದುರುವ ಸದ್ದು. ಬೆಳಗಿನ ಜಾವ ಮನೆಗೆ ಬಂದಾಗ ಕಿವಿ ಮೂರು ಪಟ್ಟು ಜೋರಾಗಿ ಕೂಗುತ್ತಿತ್ತು. ಅದಾದ ಎರಡು ವಾರಕ್ಕೆ ಮಳೆ ನಿಂತಿತು.

ಆಮೇಲಿನ ಕಥೆಯೆಲ್ಲ ಹೊರಟದ್ದು ಇಲ್ಲಿಂದ. ಮಳೆ ನಿಂತು ತೋಟ ಗಪ್‌ಚಿಪ್ ಆಯಿತು. ಆ ನಿಶ್ಶಬ್ದದಲ್ಲಿ ಕಿವಿಯ ಸದ್ದು ಎದ್ದು ಕಂಡಿತು. ಭಾವ ಲೆಕ್ಕ ಹಾಕಿದ್ದು ಬೇರೆ ಥರ: "ದಸರಾ ಸದ್ದಿನಿಂದ ಜಾಸ್ತಿಯಾಯ್ತು. ಇನ್ನು ಸದ್ದು ಕೇಳಿದಷ್ಟೂ ಜಾಸ್ತಿಯಾಗುತ್ತೆ." ಅರ್ಧ ಸರಿ. ಆ ರಾತ್ರಿಯ ಸದ್ದು ಕೆಟ್ಟದ್ದೇ. ಆದರೆ ನವೆಂಬರಿನಲ್ಲಿ ಕಿವಿ ಜೋರಾಗಿ ಕೇಳಿಸಿದ್ದಕ್ಕೆ ಮಳೆ ನಿಂತದ್ದೂ ಒಂದು ಕಾರಣ ಅನ್ನುವುದು ನಮಗೆ ಯಾರಿಗೂ ಹೊಳೆಯಲಿಲ್ಲ.

ಹತ್ತಿ, ಬೆಳ್ಳುಳ್ಳಿ ಎಣ್ಣೆ ಮತ್ತು ಕಾಫಿ ಬಿಡುವ ಸಲಹೆ

ಹೊಸ ಭತ್ತದ ಹಬ್ಬ ಹುತ್ತರಿಗೆ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರೆ. ಆ ದಿನ ಭಾವ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಬಂದರು. ಕೋವಿಯ ಸದ್ದಿಗೆ ಹತ್ತಿ ಹೆಸರಿಗೆ ಮಾತ್ರ. ಕೊಡೆ ಇಲ್ಲದೆ ಟವೆಲ್ ಹೊದ್ದು ಆಟಿ ಮಳೆಗೆ ಹೋದ ಹಾಗೆ.

ಅಷ್ಟರಲ್ಲಿ ಸಲಹೆ ಕೊಡುವವರು ಹೆಚ್ಚಾಗಿದ್ದರು. ಒಬ್ಬರು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಿ ಅಂದರು. ಒಂದು ಕ್ಲಿನಿಕ್‌ನಲ್ಲಿ ನೋಡಿದವರು ನರದ ಮಾತ್ರೆ ಬರೆದು, "ಇದು ಹೋಗಲ್ಲ, ಅಭ್ಯಾಸ ಮಾಡ್ಕೊಳ್ಳಿ" ಅಂತ ಎರಡು ನಿಮಿಷದಲ್ಲಿ ಕಳಿಸಿದರು. ಅಭ್ಯಾಸ ಮಾಡಿಕೊಳ್ಳುವುದು ಹೇಗೆ ಅಂತ ಹೇಳಲಿಲ್ಲ. ಇನ್ನೊಬ್ಬರು ಕಾಫಿ ಬಿಡಿ ಅಂದರು. ಕಾಫಿ ಬೆಳೆಗಾರನಿಗೆ! ಭಾವ ಅದನ್ನೂ ಮಾಡಿದರು. ಮೂರು ದಿನ ತಲೆನೋವು, ನಾಲ್ಕನೇ ದಿನ ಅಕ್ಕನ ಮೇಲೆ ರೇಗಾಟ, ಕಿವಿ ಹಾಗೇ ಇತ್ತು. ಕಾಫಿ ಬಿಟ್ಟರೆ ಕಿವಿಮೊರೆತ ಕಡಿಮೆಯಾಗುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಅಭ್ಯಾಸವಾದ ಕಾಫಿಯನ್ನು ಒಮ್ಮೆಲೇ ಬಿಟ್ಟರೆ ಕಿರಿಕಿರಿ ಆಗುವುದು ಮಾತ್ರ ನಿಜ.

ನಮ್ಮ ಅಜ್ಜಿ ಇದ್ದಿದ್ದರೆ "ಕ್ವಿನೈನ್ ತಿಂದಿದ್ದೀಯಾ?" ಅಂತ ಕೇಳುತ್ತಿದ್ದರೋ ಏನೋ. ಕೊಡಗಿನಲ್ಲಿ ಮಲೇರಿಯಾ ಕಾಟವಿದ್ದ ಕಾಲದ ಹಿರಿಯರಿಗೆ ಆ ಗುಳಿಗೆ ನುಂಗಿದರೆ ಕಿವಿ ಗುಂಯ್ ಅನ್ನುತ್ತದೆ ಅಂತ ಗೊತ್ತಿತ್ತು. ಜಾಸ್ತಿ ಪ್ರಮಾಣದ ಆಸ್ಪಿರಿನ್‌ನಿಂದಲೂ ಹಾಗೆ ಆಗುತ್ತದೆ. ಭಾವ ಅಂಥದ್ದು ಏನೂ ತಿಂದಿರಲಿಲ್ಲ.

ಡಿಸೆಂಬರ್ ಹೊತ್ತಿಗೆ ಹತ್ತಿಯ ಬದಲು ಫೋಮ್ ಪ್ಲಗ್ ಬಂತು. ಮಗ ಆನ್‌ಲೈನಿನಲ್ಲಿ ತರಿಸಿಕೊಟ್ಟ. ಮೊದಲು ಕಳೆ ಕೊಚ್ಚುವ ಮೆಷಿನ್ ಹತ್ತಿರ ಹೋಗುವಾಗ ಹಾಕುತ್ತಿದ್ದರು. ಅದು ಸರಿಯಾದ ಬಳಕೆ. ಆಮೇಲೆ ಜೀಪಿನಲ್ಲಿ. ಆಮೇಲೆ ಕಾಫಿ ಕೊಯ್ಲಿನ ಆಳುಗಳು ಮಾತಾಡುವ ಜಾಗದಲ್ಲಿ. ಕೊನೆಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತದೆ ಅಂತ ಮನೆಯೊಳಗೂ. ಶುಕ್ರವಾರದ ಮಡಿಕೇರಿ ಸಂತೆ ನಿಂತಿತು. ಹೋಟೆಲ್ ನಿಂತಿತು. ತಿಥಿ, ನಾಮಕರಣ ಎಲ್ಲದಕ್ಕೂ ಅಕ್ಕ ಒಬ್ಬಳೇ.

ಪ್ಲಗ್ ತೆಗೆದಾಗ ಮಾಮೂಲು ಸದ್ದೂ ಚುಚ್ಚತೊಡಗಿತು. ಸ್ಟೀಲ್ ಲೋಟ ಇಟ್ಟ ಸದ್ದಿಗೆ ಬೆಚ್ಚಿ ಬೀಳುತ್ತಿದ್ದರು. "ನೋಡು, ಕಿವಿ ಇನ್ನೂ ಹಾಳಾಗ್ತಿದೆ" ಅನ್ನುತ್ತಿದ್ದರು. ಜನವರಿಯ ಊಟದ ಮಾತು ಬಂದದ್ದು ಈ ಹಂತದಲ್ಲಿ.

ಮೈಸೂರಿನಲ್ಲಿ

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ದಾರಿಯುದ್ದಕ್ಕೂ ಭಾವ ಪ್ಲಗ್ ಹಾಕಿಕೊಂಡೇ ಕೂತಿದ್ದರು. ನಾನು ಮಾತಾಡಿದ್ದಕ್ಕೆಲ್ಲ "ಹಾಂ?" ಅಂದರು. ಹುಣಸೂರು ಬರುವಷ್ಟರಲ್ಲಿ ನಾನು ಸುಮ್ಮನಾದೆ.

ಕಿವಿ ಪರೀಕ್ಷೆಯಲ್ಲಿ 250ರಿಂದ 8000 ಹರ್ಟ್ಜ್‌ವರೆಗೆ ಒಂದೊಂದೇ ಸ್ವರ ಕೇಳಿಸುತ್ತಾರೆ. ಎಷ್ಟು ಕೇಳಿಸಿತು ಅನ್ನುವುದನ್ನು ಗೆರೆ ಎಳೆದು ತೋರಿಸುತ್ತಾರೆ. ಭಾವನ ಗೆರೆ ತಗ್ಗು ಸ್ವರಗಳಲ್ಲಿ ಚೆನ್ನಾಗಿಯೇ ಹೋಗಿ 4000 ಹರ್ಟ್ಜ್ ಹತ್ತಿರ ಗುಂಡಿಗೆ ಬಿದ್ದಿತ್ತು. ಎಡಗಿವಿಯಲ್ಲಿ ಆಳದ ಗುಂಡಿ, ಬಲದಲ್ಲಿ ಅಷ್ಟಿಲ್ಲ. ಸದ್ದಿನಿಂದ ಕೆಟ್ಟ ಕಿವಿಯ ಗುರುತೇ ಇದು.

ಒಂದೇ ಕಿವಿಯಲ್ಲಿ ಮೊರೆತ, ಎರಡು ಕಿವಿಗಳ ಕೇಳ್ಮೆಯಲ್ಲಿ ವ್ಯತ್ಯಾಸ ಇದ್ದದ್ದಕ್ಕೆ ಇಎನ್‌ಟಿ ವೈದ್ಯರು ಎಂಆರ್‌ಐ ಮಾಡಿಸಿದರು. ಕಿವಿಯ ನರದ ಮೇಲೆ ಗಡ್ಡೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಇರಲಿಲ್ಲ. ಓದುವವರಿಗೆ ಇಲ್ಲೊಂದು ಮಾತು: ಒಂದೇ ಕಡೆಯ ಮೊರೆತ, ನಾಡಿ ಬಡಿತದ ಜೊತೆ ಬಡಿಯುವ ಮೊರೆತ, ತಲೆಸುತ್ತು ಜೊತೆಗಿರುವ ಮೊರೆತ ಇದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಇದ್ದಕ್ಕಿದ್ದ ಹಾಗೆ ಕಿವಿ ಮಂದವಾದರಂತೂ ಅದೇ ದಿನ ಇಎನ್‌ಟಿ ಹತ್ತಿರ ಹೋಗಬೇಕು. ಅದಕ್ಕೆ ಕೊಡುವ ಸ್ಟೀರಾಯ್ಡ್ ಮೊದಲ ಕೆಲವು ದಿನಗಳಲ್ಲಿ ಶುರುವಾದರೇ ಹೆಚ್ಚು ಪ್ರಯೋಜನ.

ಅಲ್ಲಿನ ಶ್ರವಣ ತಜ್ಞೆ ಚಿಕ್ಕ ವಯಸ್ಸಿನವರು. ಭಾವನನ್ನು 25 ಪ್ರಶ್ನೆ ಕೇಳಿದರು. ನಿದ್ದೆ ಬರುತ್ತದಾ, ಸಿಟ್ಟು ಬರುತ್ತದಾ, ಜನರ ಜೊತೆ ಬೆರೆಯಲು ಆಗುತ್ತದಾ, ಹೀಗೆ. ನೂರಕ್ಕೆ 62 ಬಂತು. ತೀವ್ರ ಅನ್ನುವ ಗುಂಪು. ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ.

"ನಿಮಗೆ ಮಳೆಗಾಲದಲ್ಲಿ ಹೇಗಿರುತ್ತೆ ಸರ್?"

ಭಾವ ಬಾಯಿ ತೆರೆದರು, ಮುಚ್ಚಿದರು. ನನ್ನ ಮುಖ ನೋಡಿದರು. "ಮಳೆಗಾಲದಲ್ಲಿ... ಎಂತ ಇರಲಿಲ್ಲ."

ಆಮೇಲೆ ತಜ್ಞೆ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಒಳಕಿವಿಯ ಬಸವನಹುಳದ ಚಿಪ್ಪಿನಂಥ ಭಾಗದಲ್ಲಿ ಸುಮಾರು 15 ಸಾವಿರ ಕೂದಲ ಕೋಶಗಳಿವೆ. ಹೋದರೆ ಮತ್ತೆ ಹುಟ್ಟುವುದಿಲ್ಲ. ಕೋವಿ ಸದ್ದು ಕೆಲವನ್ನು ತೆಗೆದಿದೆ. ಅಲ್ಲಿಂದ ಬರಬೇಕಾದ ಸುದ್ದಿ ಬರದೇ ಇದ್ದಾಗ ಮಿದುಳು ತನ್ನ ವಾಲ್ಯೂಮ್ ಏರಿಸುತ್ತದೆ. ಆಕಾಶವಾಣಿ ಸರಿಯಾಗಿ ಸಿಗದ ತಗ್ಗಿನಲ್ಲಿ ರೇಡಿಯೊ ತಿರುಪು ಏರಿಸಿದರೆ ಗೊರ್ ಅನ್ನುತ್ತದಲ್ಲ, ಹಾಗೆ. ಈಗ ಕಿವಿಗೆ ಇಡೀ ದಿನ ಬಿರಡೆ ಹಾಕಿದರೆ? ಬರುವ ಸುದ್ದಿ ಇನ್ನೂ ಕಡಿಮೆ, ತಿರುಪು ಇನ್ನೂ ಮೇಲೆ. ಚೆನ್ನಾಗಿ ಕಿವಿ ಕೇಳುವವರಿಗೇ ಎರಡು ವಾರ ಪ್ಲಗ್ ಹಾಕಿಸಿ ನೋಡಿದ ಪ್ರಯೋಗವಿದೆ. ಅವರಿಗೆ ಮಾಮೂಲು ಸದ್ದು ಮೊದಲಿಗಿಂತ ಜೋರಾಗಿ ಕೇಳತೊಡಗಿತು. ಮೆಲುದನಿಯ ಸದ್ದನ್ನು ಕಿವಿಗೆ ಹಾಕಿಸಿಕೊಂಡವರಿಗೆ ಉಲ್ಟಾ ಆಯಿತು.

ಇನ್ನೊಂದು ಹಳೇ ಪ್ರಯೋಗ, 1953ರದ್ದು. ಕಿವಿ ಸರಿಯಿದ್ದ 80 ಜನರನ್ನು ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿದರು. ನೂರಕ್ಕೆ 94ರಷ್ಟು ಮಂದಿಗೆ ಏನೋ ಒಂದು ಸದ್ದು ಕೇಳಿಸಿತು. ಇದನ್ನು ಹೇಳಿದ್ದು ನಾನು, ವಾಪಸ್ ಬರುವಾಗ. ಭಾವ ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ನಾನು ಸದ್ದಿನಿಂದ ಓಡಿ ಸದ್ದಿನ ಮನೆಗೇ ಹೋಗಿ ಕೂತಿದ್ದೆ ಅಲ್ವಾ?" ಅಂದರು.

ಇದನ್ನು ಅಳಿಸಿಹಾಕುವ ಮಾತ್ರೆ ಇಲ್ಲ. ಅಮೆರಿಕದ ಇಎನ್‌ಟಿ ವೈದ್ಯರ ಸಂಘ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಗಿಂಕ್ಗೊ ಅನ್ನುವ ಮೂಲಿಕೆ, ಸತು ಮುಂತಾದವನ್ನು ಬೇಡ ಅನ್ನುತ್ತದೆ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಅನ್ನುವ ಮಾತಿನ ಚಿಕಿತ್ಸೆಯನ್ನು ಮಾಡಿಸಿ ಅನ್ನುತ್ತದೆ. ಕೇಳ್ಮೆ ಕಡಿಮೆ ಇದ್ದವರಿಗೆ ಶ್ರವಣ ಸಾಧನವೂ ನೆರವಾಗುತ್ತದೆ. ಭಾವನಿಗೆ ಎರಡನ್ನೂ ಹೇಳಿದರು. ಮಾತಿನ ಚಿಕಿತ್ಸೆಗೆ ಒಪ್ಪಿದರು. ಸಾಧನದ ವಿಷಯ ಬಂದಾಗ "ನನಗೆ ಅಷ್ಟು ವಯಸ್ಸಾಯ್ತಾ ಮಾರಾಯ?" ಅಂತ ನನ್ನನ್ನೇ ಕೇಳಿದರು.

ಯಾವ ಸದ್ದು, ಎಷ್ಟು ಸದ್ದು

ಭಾವನಿಗೆ ಎಲ್ಲ ಸದ್ದೂ ಒಂದೇ ಆಗಿಹೋಗಿತ್ತು. ಕೋವಿಯೂ ಕುಕ್ಕರೂ ಒಂದೇ. ಕಿವಿಯನ್ನು ನಿಜವಾಗಿ ಕೆಡಿಸುವ ಸದ್ದು ಯಾವುದು, ಬರೀ ಹೆದರಿಸುವ ಸದ್ದು ಯಾವುದು ಅಂತ ಬೇರೆ ಮಾಡಿ ಅವರ ಕೈಗೆ ಕೊಡಬೇಕಿತ್ತು. ನನ್ನ ಪ್ರಕಾರ ಈ ಪ್ರಕರಣದಲ್ಲಿ ಆದ ಕೆಲಸವೆಲ್ಲ ಇದೊಂದೇ. ಉಳಿದದ್ದು ಇದರ ಬಾಲ.

ಮಾಪನಕ್ಕೆ ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡೆವು. ಫೋನಿನ ಲೆಕ್ಕ ಕೆಲವು ಡೆಸಿಬಲ್ ಆಚೀಚೆ ಆಗುತ್ತದೆ. ಕೋವಿಯಂಥ ಸಿಡಿತವನ್ನು ಅಳೆಯಲು ಅದರಿಂದ ಆಗುವುದೇ ಇಲ್ಲ. ನಮ್ಮ ಕೆಲಸಕ್ಕೆ ಸಾಕು.

ಕೆಲಸದ ಜಾಗಗಳಿಗೆ ಒಂದು ಹೆಸರಾಂತ ಅಳತೆಯಿದೆ: 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ 3 ಏರಿದಾಗೆಲ್ಲ ಹೊತ್ತು ಅರ್ಧ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಭಾವ ಇದನ್ನು ಚೆಕ್‌ರೋಲ್ ಪುಸ್ತಕದ ಹಿಂದೆ ಬರೆದುಕೊಂಡರು. ಆಳುಗಳ ಹಾಜರಿಯ ಹಾಗೆಯೇ ಗೆರೆ ಎಳೆದು, ಪಕ್ಕದಲ್ಲಿ ದಿನಾ ರಾತ್ರಿ ಮೊರೆತ ಎಷ್ಟು ಜೋರು ಅಂತ ಹತ್ತಕ್ಕೆ ಇಷ್ಟು ಅಂಕ.

ನಮ್ಮ ಫೋನು ತೋರಿಸಿದ್ದು ಹೀಗೆ. ಶುಕ್ರವಾರದ ಸಂತೆ ಬೆಳಗ್ಗೆ ಎಂಟಕ್ಕೆ 68, ಹನ್ನೊಂದಕ್ಕೆ 76. ಬಸ್ ಸ್ಟ್ಯಾಂಡಿನಲ್ಲಿ ಹಾರ್ನ್ ಬಿಟ್ಟರೆ 78. ಹೋಟೆಲಿನಲ್ಲಿ ಲೋಟ ತಟ್ಟೆ ತೊಳೆಯುವ ಕಿಟಕಿ ಪಕ್ಕ 82, ಬಾಗಿಲ ಹತ್ತಿರದ ಮೇಜಿಗೆ 71. ತೋಟದಲ್ಲಿ ಕಳೆ ಮೆಷಿನ್ ಹಿಡಿದವನ ಕಿವಿಯ ಹತ್ತಿರ 98.

ಭಾವ ಕೊನೆಯ ಅಂಕಿಯನ್ನು ಎರಡು ಸಲ ನೋಡಿದರು. "ಸಂತೆಗೆ ಹೆದರಿ ಮನೆಯಲ್ಲಿ ಕೂತೆ. ಇವರು ಇದನ್ನು ಹಿಡಿದು ದಿನವಿಡೀ ನಡೀತಾರೆ."

ಆ ದಿನದಿಂದ ನಿಯಮ ಒಂದೇ. ಕೋವಿ, ಕಳೆ ಮೆಷಿನ್, ಮರ ಕಪಾತಿನ ಗರಗಸ, ಮಂಟಪದ ಸ್ಪೀಕರ್: ಇಲ್ಲಿ ಕಿವಿ ಮುಚ್ಚಲೇಬೇಕು. ಸಂತೆ, ಬಸ್ಸು, ಹೋಟೆಲು, ಕುಕ್ಕರು: ಇಲ್ಲಿ ಮುಚ್ಚಲೇಬಾರದು. ಪ್ಲಗ್ ಜೇಬಿನಲ್ಲಿ ಇರಲಿ. ಇದೆ ಅನ್ನುವ ಧೈರ್ಯವೇ ಅರ್ಧ ಕೆಲಸ ಮಾಡುತ್ತದೆ ಅಂತ ತಜ್ಞೆ ಹೇಳಿದ್ದರು.

ರಾತ್ರಿಗೆ ಬೇರೆ ಉಪಾಯ ಬೇಕಿತ್ತು. ಮೆಲ್ಲಗೆ ಏನಾದರೂ ಸದ್ದು ಹಾಕಿಕೊಳ್ಳಿ, ಮೊರೆತವನ್ನು ಪೂರ್ತಿ ಮುಚ್ಚುವಷ್ಟು ಬೇಡ, ಅದರ ಜೊತೆಗೆ ಇರುವಷ್ಟು ಸಾಕು ಅಂದಿದ್ದರು. ಮಳೆಗಿಂತ ಬೇಕಾ? ಫೋನಿನಲ್ಲಿ ಮಳೆ ಸದ್ದು ಹಾಕಿದೆವು. ಮೊದಲ ರಾತ್ರಿಯೇ ಅನಾಹುತ. ಎರಡು ಗಂಟೆಗೆ ಅಕ್ಕ ಧಡಕ್ಕನೆ ಎದ್ದು, "ಕಣದಲ್ಲಿ ಕಾಫಿ ಇದೆ!" ಅಂತ ಟಾರ್ಪಾಲ್ ಹುಡುಕುತ್ತಾ ಅಂಗಳಕ್ಕೆ ಓಡಿದಳು. ಫೆಬ್ರವರಿ, ಬೆಳದಿಂಗಳು, ಒಂದು ಹನಿ ಇಲ್ಲ. ಬೆಳೆಗಾರರ ಮನೆಯಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಸದ್ದು ನಿದ್ದೆ ತರಿಸುವುದಿಲ್ಲ ಅಂತ ಯಾವ ಆ್ಯಪ್ ಮಾಡಿದವನಿಗೂ ಗೊತ್ತಿರಲಿಕ್ಕಿಲ್ಲ. ಮಾರನೇ ದಿನ ನಾನು ತೋಟದ ಕೆಳಗಿನ ತೋಡಿಗೆ ಹೋಗಿ ನೀರು ಹರಿಯುವುದನ್ನು ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿಕೊಂಡು ಬಂದೆ. ಈಗಲೂ ಅದೇ ನಡೆಯುತ್ತಿದೆ.

ಮೆಟ್ಟಿಲು

ಸಂತೆಯಿಂದ ಶುರು. ಮೊದಲ ಶುಕ್ರವಾರ ಎಂಟು ಗಂಟೆಗೆ, ಹತ್ತು ನಿಮಿಷ, ಪ್ಲಗ್ ಇಲ್ಲದೆ. ಒಣಮೀನಿನ ಸಾಲಿನವರೆಗೆ ಹೋಗಿ ವಾಪಸ್. ಭಾವನ ಕೈ ಜೇಬಿನಲ್ಲಿ ಪ್ಲಗ್ ಡಬ್ಬಿಯನ್ನು ಹಿಡಿದುಕೊಂಡೇ ಇತ್ತು. ಆ ರಾತ್ರಿ ಅಂಕ 7. ಅದರ ಹಿಂದಿನ ರಾತ್ರಿಯೂ 7. ಮೂರನೇ ಶುಕ್ರವಾರ ಹನ್ನೊಂದು ಗಂಟೆಯ ನೂಕುನುಗ್ಗಲಿನಲ್ಲಿ ಮುಕ್ಕಾಲು ಗಂಟೆ ಇದ್ದರು. ಹಸಿಮೆಣಸಿನ ರೇಟಿಗೆ ಚೌಕಾಸಿಯನ್ನೂ ಮಾಡಿದರು. ಅದನ್ನು ನೋಡಿ ನನಗೆ ಧೈರ್ಯ ಬಂತು.

ಜನರ ಮಧ್ಯೆ ಮಾತು ಹಿಡಿಯಲು ಆಗದೇ ಇರುವುದು ಬೇರೆ ತೊಡಕು. ಮೊರೆತ ಮಾತನ್ನು ಮುಚ್ಚುತ್ತದೆ ಅಂತ ಭಾವ ನಂಬಿದ್ದರು. ಬಹಳಷ್ಟು ಸಲ ಕಾರಣ ಆ 4000 ಹರ್ಟ್ಜ್ ಗುಂಡಿ. ಸ, ಶ, ಚ, ತ, ಕದಂಥ ದನಿಗಳ ಗುರುತು ಇರುವುದು ಮೇಲಿನ ಸ್ವರಗಳಲ್ಲಿ. ಸ್ವರಾಕ್ಷರ ಕೇಳುತ್ತದೆ, ವ್ಯಂಜನ ಜಾರುತ್ತದೆ. ಕರಿಮೆಣಸಿನ ವ್ಯಾಪಾರಿ "ಚೀಲ ತನ್ನಿ" ಅಂದರೆ ಇವರು ಜೀಪಿನ ಕೀಲಿ ತಂದುಕೊಟ್ಟಿದ್ದರು. ವ್ಯಾಪಾರಿ ಕೀಲಿ ಹಿಡಿದು ಜೀಪನ್ನೇ ನೋಡುತ್ತಾ ನಿಂತಿದ್ದನಂತೆ. ಇದಕ್ಕೆ ಉಪಾಯ ಸುಲಭ: ಮಾತಾಡುವವರು ಬಲಗಡೆ ಇರಲಿ, ಗಲಾಟೆ ಎಡಗಡೆ ಇರಲಿ, ಬೆಳಕು ಅವರ ಮುಖದ ಮೇಲೆ ಬೀಳಲಿ. ಗೋಡೆ ಮೂಲೆಗೆ ಕೂರಬೇಡಿ, ಸದ್ದು ತಿರುಗಿ ಹೊಡೆಯುತ್ತದೆ. "ಹಾಂ?" ಅನ್ನುವ ಬದಲು "ಎಷ್ಟು ಗಂಟೆಗೆ ಅಂದ್ರಿ?" ಅಂತ ತಪ್ಪಿಹೋದ ತುಂಡನ್ನಷ್ಟೇ ಕೇಳಿ. ಮಾರ್ಚಿನಲ್ಲಿ ಶ್ರವಣ ಸಾಧನವೂ ಬಂತು. ಎಡಗಿವಿಗೆ, ಕಿವಿ ಹಿಂದೆ ಕೂರುವ ಸಣ್ಣದು. ಮನೆಯಲ್ಲಿ ಹಾಕುತ್ತಾರೆ, ಊರವರ ಎದುರು ತೆಗೆಯುತ್ತಾರೆ. ಅಕ್ಕ ಹೇಳಿ ಸೋತಿದ್ದಾಳೆ.

ಏಪ್ರಿಲಿನಲ್ಲಿ ನಾನು ಒಂದು ತಪ್ಪು ಮಾಡಿದೆ. ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ನಡೆಯುತ್ತಿತ್ತು. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದದ್ದು, ಈಗ ನೂರಾರು ಕುಟುಂಬಗಳು ಆಡುತ್ತವೆ. ಭಾವನಿಗೆ ಹಾಕಿ ಅಂದರೆ ಪ್ರಾಣ. ಬಯಲಿನಲ್ಲಿ ಸದ್ದು ಹರಡಿಹೋಗುತ್ತದೆ ಅಂತ ಲೆಕ್ಕ ಹಾಕಿ ಕರೆದುಕೊಂಡು ಹೋದೆ. ಗೋಲ್ ಆದಾಗ ಹಿಂದಿನ ಸಾಲಿನ ಹುಡುಗರು ಪ್ರೆಶರ್ ಹಾರ್ನ್ ಒತ್ತಿದರು. ಭಾವನ ತಲೆಯಿಂದ ಎರಡು ಅಡಿ ಹಿಂದೆ. ಅವರು ಎದ್ದವರು ಜೀಪಿನವರೆಗೆ ತಿರುಗಿ ನೋಡಲಿಲ್ಲ. ಮನೆಗೆ ಬಂದು ನನ್ನ ಜೊತೆ ಮಾತೂ ಇಲ್ಲ. ಆ ರಾತ್ರಿ ಅಂಕ 9, ಮಾರನೇ ದಿನ 9.

"ಎಲ್ಲ ಮೊದಲಿನ ಹಾಗೆ ಆಯ್ತು" ಅಂದರು. ತಜ್ಞೆಗೆ ಫೋನ್ ಮಾಡಿದೆವು. ಪುಸ್ತಕ ತೆಗೆದು ದಸರಾ ಆದ ಮೇಲೆ ಏನಾಯ್ತು ಹೇಳಿ ಅಂದರು. ದಸರಾ ಹೊತ್ತಿಗೆ ಪುಸ್ತಕ ಇರಲಿಲ್ಲ. "ಈಗ ಇದೆಯಲ್ಲ. ಒಂದು ವಾರ ಸುಮ್ನೆ ಬರೆಯಿರಿ. ಪ್ಲಗ್ ಹಾಕಬೇಡಿ." ಮೂರನೇ ದಿನ 8, ನಾಲ್ಕನೇ ದಿನ 6, ಆರನೇ ದಿನ 5. ಭಾವ 5 ಅಂತ ಬರೆದು ಅದರ ಸುತ್ತ ಸೊನ್ನೆ ಸುತ್ತಿದ್ದಾರೆ. ಏರಿದ್ದು ಇಳಿಯುತ್ತದೆ ಅಂತ ನಾವು ನೂರು ಸಲ ಹೇಳಿದ್ದೆವು. ಅವರು ನಂಬಿದ್ದು ತಮ್ಮದೇ ಅಕ್ಷರವನ್ನು. ಹಾಕಿ ಕೆಟ್ಟದ್ದೇ ಒಳ್ಳೆಯದಾಯಿತೋ ಏನೋ. ಆದರೂ ಬೇರೆಯವರಿಗೆ ಹೀಗೆ ಮಾಡಿ ಅಂತ ಹೇಳಲಾರೆ. ಮುಂಚೆಯೇ ಜಾಗ ನೋಡಿಕೊಂಡು ಕೂರಿಸಬೇಕಿತ್ತು.

ಹಾಲ್

ಮದುವೆಗೆ ಮೊದಲು ಅದೇ ಹಾಲ್‌ನಲ್ಲಿ ಬೇರೆಯವರ ಮದುವೆಯೊಂದಕ್ಕೆ ನಾನು ಫೋನ್ ಹಿಡಿದು ಹೋಗಿದ್ದೆ. ವೇದಿಕೆ ಪಕ್ಕದ ಸ್ಪೀಕರ್ ಎದುರು 101. ನಡು ಸಾಲಿನಲ್ಲಿ 92. ಊಟದ ಮನೆ, ಮೊದಲ ಪಂಕ್ತಿ ಕೂರುವಾಗ 80, ಎರಡನೇ ಪಂಕ್ತಿಗೆ 86. ಹೊರಗಿನ ಜಗಲಿಯಲ್ಲಿ 70. ವಾಲಗದವರು ಹಾಲ್ ಒಳಗೆ ಬಂದು ಬಾರಿಸಿದಾಗ ಎರಡು ಆಳು ದೂರಕ್ಕೆ 99. ಯಾರೋ "ಮೇಷ್ಟ್ರು ಮದುವೆಗೆ ಬಂದು ಫೋನ್ ನೋಡ್ತಾರೆ" ಅಂದದ್ದು ಕಿವಿಗೆ ಬಿತ್ತು. ಇರಲಿ.

ಈ ಅಂಕಿಗಳನ್ನು ಇಟ್ಟುಕೊಂಡು ದಿನವನ್ನು ಜೋಡಿಸಿದೆವು. ಸೌಂಡ್ಸ್‌ನ ಹುಡುಗನನ್ನು ಕರೆದು ಸ್ಪೀಕರ್ ಡಬ್ಬಿಗಳನ್ನು ವೇದಿಕೆಯ ಎದುರು ಇಡದೆ ಸಭೆಯ ಎರಡು ಬದಿಗೆ, ಎತ್ತರದಲ್ಲಿ ಇಡು ಅಂದೆವು. ಅವನು ಒಂದೇ ಮಾತಿಗೆ ಒಪ್ಪಿದ. ಕೇಳಿದವರೇ ಇರಲಿಲ್ಲವಂತೆ. ವಾಲಗದ ಹಿರಿಯರಿಗೆ ಅಕ್ಕನೇ ಹೇಳಿದಳು: "ಅಣ್ಣ, ಬಾಗಿಲವರೆಗೆ ಜೋರು ಬಾರಿಸಿ. ಒಳಗೆ ಸ್ವಲ್ಪ ತಗ್ಗಿಸಿ. ಇವರ ಕಿವಿ ಸರಿ ಇಲ್ಲ." ಅವರು ತಮ್ಮ ಕಿವಿಯನ್ನು ಮುಟ್ಟಿ ತೋರಿಸಿ ನಕ್ಕರು. ಐವತ್ತು ವರ್ಷ ಡೋಲಿನ ಪಕ್ಕ ನಿಂತವರು.

ಪ್ಲಗ್ ಬದಲಾಯಿಸಿದೆವು. ಫೋಮ್ ಮೇಲಿನ ಸ್ವರಗಳನ್ನು ಜಾಸ್ತಿ ತಿನ್ನುತ್ತದೆ. ಮೊದಲೇ ಅಲ್ಲಿ ಗುಂಡಿ ಇರುವವರಿಗೆ ಮಾತು ಪೂರ್ತಿ ಮಸುಕಾಗುತ್ತದೆ. ಸಂಗೀತಗಾರರು ಹಾಕುವ ಫಿಲ್ಟರ್ ಪ್ಲಗ್ ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಒಂದೇ ಸಮ, ಸುಮಾರು 15 ಡೆಸಿಬಲ್, ಇಳಿಸುತ್ತದೆ. ಸದ್ದು ತಗ್ಗುತ್ತದೆ, ಮಾತು ಉಳಿಯುತ್ತದೆ. ಭಾವ ಅದನ್ನು ಮನೆಯಲ್ಲಿ ಹಾಕಿ ಅಕ್ಕನ ಬೈಗುಳ ಸರಿಯಾಗಿ ಕೇಳಿಸುತ್ತದೆ ಅಂತ ಖಾತ್ರಿ ಮಾಡಿಕೊಂಡರು.

ಮದುವೆಯ ದಿನ ಬೆಳಗ್ಗೆ ಎಂಟೂವರೆಗೆ ಹಾಲ್. ಜಗಲಿಯಲ್ಲಿ ಪ್ಲಗ್ ಇಲ್ಲದೆ ನಿಂತು ನೆಂಟರನ್ನು ಬರಮಾಡಿಕೊಂಡರು. ವಾಲಗ ಬಾಗಿಲಿಗೆ ಬಂದಾಗ ಜೇಬಿನಿಂದ ತೆಗೆದು ಹಾಕಿಕೊಂಡರು. ಮುಹೂರ್ತದ ಹೊತ್ತಿನಲ್ಲಿ ತೆಗೆದರು. ಆ ಹತ್ತು ನಿಮಿಷ ಮೈಕ್ ಬೇಡ ಅಂತ ಮೊದಲೇ ಹೇಳಿಟ್ಟಿದ್ದೆವು, ಮಂತ್ರ ಮಾತ್ರ ಕೇಳಿಸಿತು. ಗಂಟೆಗೊಮ್ಮೆ ಹತ್ತು ನಿಮಿಷ ಹಿಂಬಾಗಿಲಿನಿಂದ ಹೊರಗೆ, ಜೀಪಿನ ಹತ್ತಿರ. ಅವರಾಗಿ ಮರೆತರೆ ನಾನು ಮೊಣಕೈ ಮುಟ್ಟುವುದು. ಎರಡು ಸಲ ಮುಟ್ಟಿದೆ, ಮೂರನೇ ಸಲ ಅವರೇ ಇರಲಿಲ್ಲ, ಮೊದಲೇ ಹೋಗಿದ್ದರು. ಊಟ ಮೊದಲ ಪಂಕ್ತಿಗೆ. ಹುಡುಗಿಯ ಅಪ್ಪ ಮೊದಲ ಪಂಕ್ತಿಗೆ ಕೂರುವುದು ನಮ್ಮಲ್ಲಿ ಚೆಂದವಲ್ಲ. ಒಬ್ಬಿಬ್ಬರು ಗೊಣಗಿದರು. ಅದನ್ನು ನುಂಗಿಕೊಂಡೆವು.

ಮಧ್ಯಾಹ್ನ ವಾಲಗದ ಕುಣಿತ ಜೋರಾದಾಗ ಭಾವ ಹೊರಗೆ ಇರಬೇಕಿತ್ತು. ಮಗಳು ಬಂದು ಕೈ ಹಿಡಿದು ಎಳೆದಳು. ಎರಡು ಸುತ್ತು ಕುಣಿದರು, ಪ್ಲಗ್ ಹಾಕಿಕೊಂಡೇ. ಆರು ನಿಮಿಷ. ನಾನು ಗಡಿಯಾರ ನೋಡಿದ್ದೆ. ಆ ರಾತ್ರಿ ಪುಸ್ತಕದಲ್ಲಿ 7, ಮಾರನೇ ದಿನ 6, ಮೂರನೇ ದಿನ 5.

ಮೇ ಕೊನೆಗೆ 25 ಪ್ರಶ್ನೆಗಳನ್ನು ಮತ್ತೆ ಕೇಳಿದಾಗ 28 ಬಂತು. ಕಿವಿ ಪರೀಕ್ಷೆಯ ಗೆರೆ ಮಾತ್ರ ಜನವರಿಯಲ್ಲಿ ಇದ್ದ ಹಾಗೇ ಇದೆ. ಮೊರೆತವೂ ಇದೆ. ಈ ಪ್ರಕರಣದಲ್ಲಿ ಏನು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳುವುದು ಕಷ್ಟ. ಪ್ಲಗ್ ಬಿಟ್ಟದ್ದು, ತಜ್ಞೆಯ ಆರು ಸಲದ ಮಾತು, ಸಾಧನ, ತೋಡಿನ ನೀರು, ಎಲ್ಲ ಒಟ್ಟಿಗೇ ನಡೆದವು. ಒಬ್ಬರ ಕಥೆಯಿಂದ ಎಲ್ಲರಿಗೂ ಲೆಕ್ಕ ಹಾಕಬಾರದು. ದಶಮಂಟಪಕ್ಕೆ ಇನ್ನು ಹೋಗುವುದಿಲ್ಲ ಅಂದಿದ್ದಾರೆ. ಆ ಸದ್ದಿನ ಎದುರು ಅದು ಹೆದರಿಕೆಯಲ್ಲ, ಬುದ್ಧಿ. ನಾನೂ ಹೋಗಲಿಕ್ಕಿಲ್ಲ.

ಜೂನಿನಲ್ಲಿ ಮಳೆ ಹಿಡಿಯುವ ಮೊದಲು ಕಳೆ ಕೊಚ್ಚುವ ಕೆಲಸ ಶುರುವಾಯಿತು. ಭಾವ ಮೆಷಿನ್ ಹಿಡಿಯುವ ಮೂವರಿಗೂ ಕಿವಿ ಮುಚ್ಚುವ ಮಫ್ ತಂದುಕೊಟ್ಟರು. ಸೆಕೆ, ಬೆವರು, ಆನೆ ಬಂದರೆ ಕೇಳಿಸುವುದಿಲ್ಲ ಅಂತ ಹುಡುಗರು ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡುತ್ತಿದ್ದರು. ಆನೆಯ ಮಾತು ಸುಳ್ಳಲ್ಲ. ಅದಕ್ಕೆ ಈಗ ನಾಲ್ಕನೆಯವನೊಬ್ಬ ಮೆಷಿನ್ ಇಲ್ಲದೆ, ಕಿವಿ ತೆರೆದುಕೊಂಡು, ಮೇಲಿನ ದಿಬ್ಬದಲ್ಲಿ ನಿಂತು ಕಾಯುತ್ತಾನೆ. ಅವನ ಹೆಸರಿನ ಎದುರೂ ಚೆಕ್‌ರೋಲ್‌ನಲ್ಲಿ ಪೂರ್ತಿ ದಿನದ ಹಾಜರಿ ಬೀಳುತ್ತಿದೆ.